ಗಣಿ ‘ಮುಚ್ಚುವುದು’ ಅಂದರೆ ಏನು?

ಮೊನ್ನೆ ಮತ್ತೆ ಒಂದು ಸುದ್ದಿಯಲ್ಲಿ ಓದಿದೆ: ‘ಚಿಕ್ಕನಾಯಕನಹಳ್ಳಿ ಕಡೆಯ ಗಣಿಗಳು 2011ರಲ್ಲಿ ಮುಚ್ಚಿದವು.’ ಇಲ್ಲ, ಅವು ಆಗ ನಿಂತವು. ಆ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ನಿಂತವು. ಗುಂಡಿಗಳು ಬಾಯಿ ತೆರೆದುಕೊಂಡೇ ಇದ್ದವು.

ಗೊಂದಲ ಇರುವುದು ನಮ್ಮ ‘ಮುಚ್ಚು’ ಅನ್ನೋ ಮಾತಿನಲ್ಲೇ. ಪಾತ್ರೆ ಮುಚ್ಚುತ್ತೇವೆ, ಗುಂಡಿ ಮುಚ್ಚುತ್ತೇವೆ. ಅಲ್ಲಿ ಮೇಲೆ ಏನೋ ಒಂದು ಬಂದು ಕೂರುತ್ತದೆ. ಮುಚ್ಚಳ ಬಂದಿದ್ದು ಈ ಅರ್ಥದಿಂದ. ಅಂಗಡಿ ಮುಚ್ಚುತ್ತೇವೆ, ಶಾಲೆ ಮುಚ್ಚುತ್ತೇವೆ. ಅಲ್ಲಿ ಕೆಲಸ ನಿಲ್ಲುತ್ತದೆ, ಕಟ್ಟಡ ಇದ್ದ ಹಾಗೇ ಇರುತ್ತದೆ. ಯಾವ ಅರ್ಥ ಅನ್ನೋದನ್ನು ಪಕ್ಕದ ಪದವೇ ಹೇಳಿಬಿಡುತ್ತದೆ, ಅಲ್ವಾ? ಆದರೆ ಗಣಿ ಗುಂಡಿಯೂ ಹೌದು, ವ್ಯವಹಾರವೂ ಹೌದು. ಹಾಗಾಗಿ ‘ಗಣಿ ಮುಚ್ಚಿದ್ದೇವೆ’ ಅಂತ ಕಂಪನಿಯವರು ಅಂಗಡಿಯ ಅರ್ಥದಲ್ಲಿ ಹೇಳುತ್ತಾರೆ, ಊರಿನವರು ಗುಂಡಿಯ ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾರೆ.

ಕೆಜಿಎಫ್ ನೋಡಿ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಮುಚ್ಚಿದ್ದು ಅಂಗಡಿ ಮಾತ್ರ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ರಾಶಿಗಳು, ಅಂದರೆ ಸೈನೈಡ್ ದಿಬ್ಬಗಳು, ಬಯಲಲ್ಲೇ ಉಳಿದವು. ಗಾಳಿ ಜೋರಾದರೆ ಆ ನುಣ್ಣನೆ ಪುಡಿ ಎದ್ದು ಮನೆಗಳ ಕಡೆ ಬರುತ್ತದೆ. ಅದನ್ನು ಗುಡಿಸುವವರ ಮುಂದೆ ‘ಮುಚ್ಚಿದ ಗಣಿ’ ಅನ್ನೋದು ನನಗಂತೂ ಸರಿ ಕಾಣುವುದಿಲ್ಲ.

ಕಾನೂನು ಹೇಳುವ ಮುಚ್ಚುವಿಕೆ ಈ ಎರಡೂ ಅಲ್ಲ. ಅದು ವರ್ಷಗಟ್ಟಲೆ ನಡೆಯುವ ಕೆಲಸ. ನಮ್ಮಲ್ಲಿ ಕಲ್ಲಿದ್ದಲು ಇಲ್ಲ ನಿಜ, ಆದರೆ ಇದು ಚೆನ್ನಾಗಿ ತಿಳಿಯುವುದು ತೆರೆದ ಕಲ್ಲಿದ್ದಲು ಗಣಿಯಲ್ಲಿ. ಕೇಂದ್ರ ಕಲ್ಲಿದ್ದಲು ಸಚಿವಾಲಯದ 2009ರ ಮಾರ್ಗಸೂಚಿ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ, ಸುರಂಗ ಗಣಿಗೆ 1 ಲಕ್ಷ ಅಂತ ಲೆಕ್ಕ ಹಾಕಿತು. ಆ ದುಡ್ಡನ್ನು ಮುಚ್ಚುವ ಖರ್ಚಿಗೆ ಅಂತ ಗಣಿ ನಡೆಯುವಾಗಲೇ ಬ್ಯಾಂಕಿನಲ್ಲಿ ಕಟ್ಟುತ್ತಾ ಬರಬೇಕು. ಅಮೆರಿಕದ 1977ರ ಕಲ್ಲಿದ್ದಲು ಗಣಿ ಕಾನೂನು ಇನ್ನೂ ಬಿಗಿ. ಹಸಿರು ಬೆಳೆಸಿದ ಮೇಲೆ ಐದು ವರ್ಷ ಕಂಪನಿಯೇ ಹೊಣೆ. ವರ್ಷಕ್ಕೆ 26 ಇಂಚು ಅಥವಾ ಅದಕ್ಕೂ ಕಮ್ಮಿ ಮಳೆ ಬೀಳುವ ಕಡೆ ಹತ್ತು ವರ್ಷ. ಈ ಲೆಕ್ಕ ನಮ್ಮ ಪಾವಗಡಕ್ಕೆ ಹಾಕಿದರೆ ಹತ್ತೇ ಬರುತ್ತದೆ. ಗಿಡ ನೆಟ್ಟ ದಿನದ ಫೋಟೊ ತೋರಿಸಿ ‘ಮುಚ್ಚಿದೆವು’ ಅನ್ನುವ ಹಾಗಿಲ್ಲ.

ತಪಾಸಣೆಗೆ ಬಂದವರು ಸುಮ್ನೆ ಹಸಿರು ನೋಡಿಕೊಂಡು ಹೋಗುವಂತಿಲ್ಲ. ಗುದ್ದಲಿ ಹಾಕಿ ಒಂದಡಿ ಅಗೆಯಬೇಕು. ಮೇಲೆ ನಾಲ್ಕು ಬೆರಳು ಮಣ್ಣು, ಕೆಳಗೆ ಬರೀ ಕಲ್ಲುಪುಡಿ ಇದ್ದರೆ ಅದು ಮುಚ್ಚಿದ್ದಲ್ಲ, ಮುಚ್ಚಿಟ್ಟಿದ್ದು. ಸೊರಗಿದ ಗಿಡ ಕಿತ್ತು ನೋಡಬೇಕು. ನರ್ಸರಿಯ ಪ್ಲಾಸ್ಟಿಕ್ ಕವರ್ ಬೇರಿಗೆ ಇನ್ನೂ ಸುತ್ತಿಕೊಂಡಿರಬಹುದು. ಇಳಿಜಾರಿನಲ್ಲಿ ಮಳೆ ನೀರು ಕೊರಕಲು ಮಾಡಿದೆಯಾ ಅಂತ ನಡೆದೇ ನೋಡಬೇಕು. ಕಲ್ಲಿದ್ದಲಿನ ಜಾಗದಲ್ಲಿ ಜಾಸ್ತಿ ಗಮನ ಕೊಡಬೇಕಾದದ್ದು ದಿಬ್ಬದ ಬುಡದಿಂದ ಜಿನುಗುವ ನೀರಿಗೆ. ಅಲ್ಲಿನ ಕಲ್ಲಿನಲ್ಲಿ ಗಂಧಕ, ಕಬ್ಬಿಣ ಸೇರಿದ ಪೈರೈಟ್ ಇದ್ದರೆ, ಗಾಳಿ ನೀರು ತಗಲಿ ಆಮ್ಲ ಹುಟ್ಟುತ್ತದೆ. ಕಾಲುವೆಯ ಕಲ್ಲುಗಳಿಗೆ ಕಿತ್ತಳೆ ಬಣ್ಣದ ಕೆಸರು ಮೆತ್ತಿಕೊಳ್ಳುತ್ತದೆ. ದಿಬ್ಬದ ಮೇಲೆ ಎಷ್ಟೇ ಹುಲ್ಲಿದ್ದರೂ ಬುಡದಲ್ಲಿ ಆ ಬಣ್ಣ ಕಂಡರೆ ಕೆಲಸ ಮುಗಿದಿಲ್ಲ.

ಇನ್ನೊಂದು ಮಾತು. ಮುಚ್ಚಿದ ಗಣಿಯಲ್ಲಿ ಗುಂಡಿ ಇರಲೇಬಾರದು ಅಂತಲೂ ಇಲ್ಲ. ಒಪ್ಪಿಗೆ ಸಿಕ್ಕ ಯೋಜನೆಯಲ್ಲಿ ಕೆರೆ ಅಂತ ಬರೆದಿದ್ದರೆ ಕೆರೆಯಾಗಿ ಬಿಡಬಹುದು. ಆಗ ನೋಡಬೇಕಾದ್ದು ಅದರ ದಡ. ನೀರಿಗೆ ಇಳಿದ ದನ ತಾನಾಗೇ ಹತ್ತಿ ಬರುವಷ್ಟು ಇಳಿಜಾರು ಮಾಡಿದ್ದಾರಾ, ಇಲ್ಲಾ ಕಡಿದ ಗೋಡೆ ಹಾಗೇ ನೆಟ್ಟಗೆ ನಿಂತಿದೆಯಾ?