ಅಮಾನವೀಯ ಬೇರೆ, ಅಮಾನವೀಕರಣ ಬೇರೆ

ಕಾದಂಬರಿಯಲ್ಲಿ ಖಳನಾಯಕ ಯಾರಿಗೋ ಚಾಟಿ ಬೀಸಿದರೆ ಸಾಕು, ವಿಮರ್ಶೆಯಲ್ಲಿ ‘ಅಮಾನವೀಕರಣ’ ಅಂತ ಬಂದುಬಿಡುತ್ತದೆ. ಎಷ್ಟು ಸಲ ಅಂತ ಸುಮ್ನೆ ಓದಿಕೊಂಡು ಹೋಗುವುದು? ಅದು ಅಮಾನವೀಯ, ಅಷ್ಟೇ. ಅಮಾನವೀಯತೆ ಹೊಡೆದವನ ಗುಣ. ಅಮಾನವೀಕರಣ ಹೊಡೆತ ತಿಂದವನಿಗೆ ಆಗುವಂಥದ್ದು. ಹೊಡೆತವೇ ಇಲ್ಲದೆಯೂ ಆಗುವಂಥದ್ದು.

ಗುಟ್ಟಿರುವುದು ‘-ಈಕರಣ’ದಲ್ಲಿ. ಸಂಸ್ಕೃತ ವ್ಯಾಕರಣದ ಪ್ರಕಾರ ಇದರ ‘ಈ’ ಬರುವುದು ಚ್ವಿ ಎಂಬ ಪ್ರತ್ಯಯದಿಂದ. ಅದರ ಅರ್ಥ ‘ಅಭೂತತದ್ಭಾವ’, ಅಂದರೆ ಮೊದಲು ಹಾಗಿಲ್ಲದ್ದು ಈಗ ಹಾಗಾಗುವುದು. ಸರಳವಲ್ಲದ್ದನ್ನು ಸರಳ ಮಾಡಿದರೆ ಸರಳೀಕರಣ. ಮೊದಲೇ ಸರಳವಾಗಿದ್ದರೆ ಸರಳೀಕರಿಸಲು ಏನೂ ಉಳಿದಿರುವುದಿಲ್ಲ, ಅಲ್ವಾ? ಹಾಗೆಯೇ ಇಲ್ಲೂ. ಮೊದಲು ಒಬ್ಬ ಮನುಷ್ಯ ಇರಬೇಕು. ಆಮೇಲೆ ಅವನನ್ನು ‘ಮನುಷ್ಯ ಅಲ್ಲ’ ಮಾಡುವವರು ಬೇಕು. (‘ಅಮಾನುಷ’ವನ್ನು ಇದರ ಜೊತೆ ಕಲಸಬೇಡಿ. ಸಂಸ್ಕೃತದಲ್ಲಿ ಅದು ದೇವತೆಗಳಿಗೂ ಸಲ್ಲುತ್ತಿದ್ದ ಮಾತು.)

ಅಧಿಕಾರಕ್ಕೆ ಈ ಕೆಲಸಕ್ಕೆ ಚಾಟಿ ಬೇಕಿಲ್ಲ, ಲೆಕ್ಕದ ಪುಸ್ತಕ ಸಾಕು. ನಾಜಿಗಳ ಆಷ್‌ವಿಟ್ಸ್ ಯಾತನಾ ಶಿಬಿರದಲ್ಲಿ ಸೆರೆಯಾಗಿದ್ದ ಇಟಲಿಯ ಲೇಖಕ ಪ್ರೀಮೋ ಲೆವಿ 1947ರಲ್ಲಿ ತಂದ ಪುಸ್ತಕದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಅವನ ಕೈ ಮೇಲೆ ಹಚ್ಚೆ ಹಾಕಿದ್ದು 174517. ಬ್ರೆಡ್ಡು, ಸೂಪು ಸಿಗಬೇಕಾದರೆ ಆ ನಂಬರ್ ತೋರಿಸಬೇಕು. ಹೆಸರು ಹೇಳಿದರೆ ಊಟ ಇಲ್ಲ.

ಆದರೆ ನನಗೆ ಜಾಸ್ತಿ ತಟ್ಟುವುದು ಜರ್ಮನ್‌ನಲ್ಲಿ ಬರೆದ ಕಾಫ್ಕಾನ ಕಥೆ ‘ರೂಪಾಂತರ’ (1915). ಗ್ರೆಗರ್ ಸಂಸಾ ಹುಳುವಾಗುವುದು ಮೊದಲ ವಾಕ್ಯದಲ್ಲೇ. ಎಲ್ಲರೂ ಅದನ್ನೇ ಅಮಾನವೀಕರಣ ಅಂತ ತೋರಿಸುತ್ತಾರೆ. ಅಲ್ಲ ಸ್ವಾಮಿ. ಹುಳುವಾದ ಮೇಲೂ ಎಷ್ಟೋ ದಿನ ಅವನು ಆ ಮನೆಯ ಮಗನೇ. ನಿಜವಾದದ್ದು ನಡೆಯುವುದು ಕೊನೆಗೆ, ಒಂದು ಸರ್ವನಾಮದಲ್ಲಿ. ಇಷ್ಟು ದಿನ ಅವನಿಗೆ ಊಟ ಇಟ್ಟ ತಂಗಿ, ಈ ಪ್ರಾಣಿಯ ಮುಂದೆ ಅಣ್ಣನ ಹೆಸರು ಎತ್ತಲಾರೆ ಎನ್ನುತ್ತಾಳೆ. ಇದನ್ನು ತೊಲಗಿಸಬೇಕು ಎನ್ನುತ್ತಾಳೆ. ಜರ್ಮನ್‌ನಲ್ಲಿ ಅಲ್ಲಿರುವುದು ‘ಎಸ್’, ನಮ್ಮ ‘ಅದು’. ಅಪ್ಪ ಮಾತ್ರ ಇನ್ನೂ ‘ಅವನಿಗೆ ನಮ್ಮ ಮಾತು ತಿಳಿಯುವಂತಿದ್ದರೆ’ ಅಂತಲೇ ಗೊಣಗುತ್ತಿರುತ್ತಾನೆ. ಒಂದೇ ಕೋಣೆ, ಒಂದೇ ಜೀವ, ಒಬ್ಬಳಿಗೆ ‘ಅದು’, ಒಬ್ಬನಿಗೆ ‘ಅವನು’.

ಕನ್ನಡಕ್ಕೆ ತರುವವರು ಇಲ್ಲಿ ‘ಅವನನ್ನು ತೊಲಗಿಸಬೇಕು’ ಅಂತ ಬರೆದರೆ ಕಥೆಯ ಬೆನ್ನು ಮುರಿದಂತೆ. ಮಗುವನ್ನು ನಾವು ಮುದ್ದಿಗೆ ‘ಅದು’ ಎನ್ನುತ್ತೇವೆ, ಸರಿ. ಅಲ್ಲಿ ಯಾರ ಜಾಗವೂ ಹೋಗುವುದಿಲ್ಲ. ಇಲ್ಲಿ ಹೋಗುತ್ತದೆ. ಮರುದಿನ ಬೆಳಿಗ್ಗೆ ಕೋಣೆಗೆ ಇಣುಕಿದ ಕೆಲಸದಾಕೆ ಮನೆಯವರನ್ನು ಕೂಗಿ ಕರೆಯುವಾಗಲೂ ಸತ್ತಿರುವುದು ‘ಅದು’.