ಹಾವು ಕಚ್ಚಿದ್ದು ಯಾವ ತೋಟದಲ್ಲಿ?

ಮೈಸೂರಿನಲ್ಲಿ ಹಾವು ಕಚ್ಚಿದವರನ್ನು ನೋಡುವ ನನ್ನಂಥ ವೈದ್ಯರಿಗೆ ರೋಗಿ ಯಾವ ಕಡೆಯಿಂದ ಬಂದರು ಅನ್ನೋದೂ ಮುಖ್ಯ. ಮಂಡ್ಯದ ಗದ್ದೆ, ಕಬ್ಬಿನ ತೋಟದವರಾದರೆ ಮೊದಲ ಅನುಮಾನ ಕೊಳಕುಮಂಡಲದ ಮೇಲೆ. ಕೊಡಗಿನ ಕಾಫಿ ತೋಟದಿಂದ ಬಂದವರು "ಸಣ್ಣದು ಸಾರ್, ಮೊಳದುದ್ದ, ತರಗೆಲೆ ಬಣ್ಣ" ಅಂದರೆ ನನ್ನ ಚಿಂತೆ ಬೇರೆ. ಅದು ಹಂಪ್ ನೋಸ್ಡ್ ಪಿಟ್ ವೈಪರ್ ಇರಬಹುದು. ನಮ್ಮಲ್ಲಿ ಸಿಗುವ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಔಷಧಿ, ಅದರ ವಿಷಕ್ಕೆ ನಾಟುವುದಿಲ್ಲ.

ಇದು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ಹಾವು. ಉದ್ದ ಸಾಮಾನ್ಯವಾಗಿ 30ರಿಂದ 45 ಸೆಂಟಿಮೀಟರ್. ಚಪ್ಪಟೆ ತಲೆ, ಮೇಲಕ್ಕೆ ಚೂಪಾಗಿ ಎದ್ದ ಮೂಗು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಗುಳಿ, ಅದರೊಳಗೆ ತೆಳ್ಳನೆಯ ಪೊರೆ. ಹತ್ತಿರ ಸುಳಿದ ಇಲಿಯ ಮೈಬಿಸಿಯನ್ನು ಆ ಪೊರೆ ಹಿಡಿಯುತ್ತದೆ. ಕಗ್ಗತ್ತಲಲ್ಲೂ ಗುರಿ ತಪ್ಪುವುದು ಕಡಿಮೆ. ಕೊಳಕುಮಂಡಲಕ್ಕೆ ಈ ಗುಳಿ ಇಲ್ಲ.

ಮರಿಗಳ ಬೇಟೆಯಂತೂ ನೋಡುವಂಥದ್ದು. ಈ ಹಾವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮರಿಯ ಬಾಲದ ತುದಿಗೆ ಮೈಯಿಗಿಂತ ಬೇರೆಯೇ ಬಣ್ಣ. ಸುರುಳಿ ಸುತ್ತಿ ಕೂತು ಆ ತುದಿಯನ್ನಷ್ಟೇ ಹುಳು ಹೊರಳಿದ ಹಾಗೆ ಆಡಿಸುತ್ತದೆ. ಹುಳು ಅಂತ ನಂಬಿ ಬಂದ ಕಪ್ಪೆಯೋ ಹಲ್ಲಿಯೋ ಅದರ ಬಾಯಿಗೆ ಬೀಳುತ್ತದೆ.

ಕೂತಲ್ಲೇ ಕಾಯುವ ಈ ಗುಣವೇ ತೋಟದ ಕೆಲಸದವರಿಗೆ ಕುತ್ತು. ಜನ ಬಂದರೂ ಅದು ತರಗೆಲೆ ನಡುವೆ ಅಲ್ಲಾಡದೆ ಇರುತ್ತದೆ. ಕಳೆ ಕೀಳುವ ಕೈ, ಬಿದ್ದ ಕಾಫಿ ಹಣ್ಣು ಆರಿಸುವ ಕೈ, ಸಂಜೆ ಮೇಲೆ ಚಪ್ಪಲಿ ಇಲ್ಲದ ಕಾಲು ನೇರ ಅದರ ಮೇಲೆ ಬೀಳುತ್ತವೆ.

ಕಚ್ಚಿದ ಜಾಗದಲ್ಲಿ ನೋವು, ಊತ, ಬೊಬ್ಬೆ. ಎಷ್ಟೋ ಜನರಿಗೆ ಅಷ್ಟಕ್ಕೇ ನಿಲ್ಲುತ್ತದೆ. ಕೆಲವರಿಗೆ ರಕ್ತ ಹೆಪ್ಪುಗಟ್ಟುವುದಿಲ್ಲ, ಕಿಡ್ನಿ ಕೈಕೊಡುತ್ತದೆ, ಡಯಾಲಿಸಿಸ್ ಬೇಕಾಗುತ್ತದೆ. ಸಾವೂ ಆಗಿದೆ. ಹಾವು ಕಚ್ಚಿದವರ 2 ಎಂಎಲ್ ರಕ್ತವನ್ನು ಒಣಗಿದ ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡುತ್ತೇವೆ. ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದರ್ಥ. ಈ ಹಾವಿನ ವಿಷಯದಲ್ಲಿ ಟ್ಯೂಬಿನ ರಕ್ತ ಸರಿಯಾಗೇ ಹೆಪ್ಪುಗಟ್ಟಿ, ಲ್ಯಾಬಿನ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಅಳತೆ) ಏರಿರುವುದೂ ಉಂಟು. ಹಾಗಾಗಿ ಆ ಒಂದು ಟ್ಯೂಬನ್ನು ನಂಬಿ ಕೂರುವಂತಿಲ್ಲ.

ಎಎಸ್‌ವಿ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಗರಗಸ ಮಂಡಲವೂ ಸಣ್ಣದು, ಕಂದು. ಗಾಬರಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಆದರೆ ಗರಗಸ ಮಂಡಲ ಕಲ್ಲು, ಕುರುಚಲು ಇರುವ ಒಣನೆಲದ ಹಾವು. ಹಂಪ್ ನೋಸ್ಡ್ ತೇವದ ನೆರಳಿನದು. ಯಾವ ತೋಟ ಅಂತ ಕೇಳುವುದು ಇದಕ್ಕೇ. ಹಾವು ಯಾವುದೆಂದು ತಿಳಿಯದೆ ವಿಷದ ಲಕ್ಷಣ ಕಂಡರೆ ಎಎಸ್‌ವಿ ಕೊಡಲೇಬೇಕು. ಹಂಪ್ ನೋಸ್ಡ್ ಹಾವೇ ಅಂತ ಖಚಿತವಾದರೆ ಮಾತ್ರ ಸುಮ್ನೆ ಬಾಟಲಿ ಮೇಲೆ ಬಾಟಲಿ ಏರಿಸಿ ಪ್ರಯೋಜನವಿಲ್ಲ, ಅಲರ್ಜಿಯ ಅಪಾಯವೇ ಜಾಸ್ತಿ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆ ವರದಿಯಲ್ಲಿ ಈ ಹಾವಿನ ಹೆಸರೂ ಬರಬೇಕು. ಆಗಲೇ ಇದಕ್ಕೂ ಔಷಧಿ ಮಾಡಿ ಅಂತ ಗಟ್ಟಿಯಾಗಿ ಕೇಳಬಹುದು.

ಹಾವನ್ನು ಹೊಡೆದು ತರಬೇಡಿ. ದೂರದಿಂದ ಮೊಬೈಲಿನಲ್ಲಿ ಫೋಟೋ ಸಿಕ್ಕರೆ ಸಾಕು. ಕಟ್ಟು ಬಿಗಿಯಬೇಡಿ, ಕುಯ್ಯಬೇಡಿ. ಉಂಗುರ, ಕಾಲುಂಗುರ ಮೊದಲೇ ತೆಗೆಯಿರಿ. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಬನ್ನಿ. ಊತ ಇಳಿಯಿತು ಅಂತ ಹಟ ಮಾಡಿ ಬೇಗ ಮನೆಗೆ ಹೋಗಬೇಡಿ. ಮನೆಗೆ ಹೋದ ಮೇಲೂ ಮೂತ್ರ ಕಮ್ಮಿಯಾದರೆ ಅದೇ ದಿನ ವಾಪಸ್ ಬನ್ನಿ.