ಕೌರಾದ ಸಮಾಧಿಗಳಿಂದ ಟೋಕಿಯೋದ ಕ್ಲಾಸ್‌ರೂಮಿಗೆ

ಜಪಾನಿನ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಜುಲೈ ಕೊನೆಗೆ. ಅದೇ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಚಳಿಗಾಲ, ಪಾಠ ನಡೆಯುತ್ತಿರುತ್ತದೆ. ಹಾಗಾಗಿ ಜಪಾನಿ ಮಕ್ಕಳು ಆಸ್ಟ್ರೇಲಿಯಾದ ತಮ್ಮ ಸಿಸ್ಟರ್ ಸ್ಕೂಲ್‌ಗಳಿಗೆ, ಅಂದರೆ ತಮ್ಮ ಶಾಲೆಯ ಜೊತೆ ಸ್ನೇಹದ ನಂಟಿರುವ ಶಾಲೆಗಳಿಗೆ, ಹೊರಡುವುದು ಜಾಸ್ತಿ ಆಗಲೇ. ಉಳಿಯುವುದು ಅಲ್ಲಿನ ಸಹಪಾಠಿಗಳ ಮನೆಯಲ್ಲಿ. ತೊಟ್ಟಿ ತುಂಬ ಬಿಸಿನೀರಲ್ಲಿ ಆರಾಮಾಗಿ ಕೂತು ಅಭ್ಯಾಸವಾದ ಮಕ್ಕಳಿಗೆ, ನೀರಿನ ಬರ ಕಂಡ ಆ ಮನೆಗಳಲ್ಲಿ ನಾಲ್ಕೈದು ನಿಮಿಷದಲ್ಲಿ ಶವರ್ ಮುಗಿಸುವುದೇ ಮೊದಲ ಪಾಠ.

ಈ ಓಡಾಟ ಶುರುವಾದ ಬಗೆ ತಿಳಿಯಲು ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 300 ಕಿ.ಮೀ. ದೂರದ ಕೌರಾ ಎಂಬ ಸಣ್ಣ ಊರಿಗೆ ಹೋಗಬೇಕು.

ಎರಡನೇ ಮಹಾಯುದ್ಧದಲ್ಲಿ ಅಲ್ಲೊಂದು ಯುದ್ಧಕೈದಿಗಳ ಶಿಬಿರವಿತ್ತು. 1,100ಕ್ಕೂ ಹೆಚ್ಚು ಜಪಾನಿ ಸೈನಿಕರು ಅಲ್ಲಿದ್ದರು. ಸಾಮಾನ್ಯ ಸೈನಿಕರನ್ನು ಬೇರೆ ಶಿಬಿರಕ್ಕೆ ಸಾಗಿಸುತ್ತೇವೆ ಎಂಬ ಸುದ್ದಿ ಬಂದಿದ್ದೇ ತಡ, 1944ರ ಆಗಸ್ಟ್ 5ರ ನಡುರಾತ್ರಿ ಕಹಳೆ ಊದಿತು. ಮುಳ್ಳುತಂತಿಯ ಮೇಲೆ ಕಂಬಳಿ ಹಾಸಿ, ಬೇಸ್‌ಬಾಲ್ ಬ್ಯಾಟು, ಊಟದ ಚಾಕು ಹಿಡಿದು ಮೆಷಿನ್ ಗನ್‌ಗಳ ಎದುರಿಗೇ ನುಗ್ಗಿದರು. 231 ಜಪಾನೀಯರು ಸತ್ತರು. ಆಸ್ಟ್ರೇಲಿಯಾದ ನಾಲ್ವರು ಸೈನಿಕರೂ ಸತ್ತರು. ಸೆರೆ ಸಿಕ್ಕವನ ಮನೆತನಕ್ಕೇ ಕಳಂಕ ಎಂದು ಆ ಸೈನಿಕರಿಗೆ ಕಲಿಸಲಾಗಿತ್ತು. ಬದುಕಿ ಊರಿಗೆ ಮರಳುವ ಆಸೆಯನ್ನೇ ಎಷ್ಟೋ ಮಂದಿ ಬಿಟ್ಟಿದ್ದರು.

ತಪ್ಪಿಸಿಕೊಂಡು ಹೊಲಗಳಲ್ಲಿ ಅಲೆಯುತ್ತಿದ್ದ ಕೆಲವರಿಗೆ ಅಲ್ಲಿನ ರೈತ ಮಹಿಳೆಯೊಬ್ಬರು ಚಹಾ, ಜೊತೆಗೆ ಬನ್ನಿನಂಥ ಸ್ಕೋನ್ ಕೊಟ್ಟರು. ಯುದ್ಧ ಇನ್ನೂ ನಡೆಯುತ್ತಿದ್ದಾಗ ಹಸಿದು ಬಂದ ಶತ್ರುವಿಗೆ ತಿನ್ನಲು ಕೊಡುವುದು ಸಣ್ಣ ಮಾತಲ್ಲ ಅಲ್ವಾ?

ಯುದ್ಧ ಮುಗಿದ ಮೇಲೆ ಊರಿನ ಮಾಜಿ ಸೈನಿಕರು ತಮ್ಮವರ ಸಮಾಧಿಗಳನ್ನು ನೋಡಿಕೊಳ್ಳುತ್ತಿದ್ದರು. ಪಕ್ಕದಲ್ಲೇ ಜಪಾನೀಯರ ಸಮಾಧಿಗಳು ಕಳೆ ಬೆಳೆದು ಬಿದ್ದಿದ್ದವು. ಅಲ್ಲಿನ ಹುಲ್ಲನ್ನೂ ಅವರೇ ಕತ್ತರಿಸತೊಡಗಿದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಜಪಾನಿನ ಕಡೆಯವರ ಮನಸ್ಸು ಕರಗಿದ್ದು ಇದರಿಂದಲೇ ಎಂದು ನನಗನಿಸುತ್ತದೆ. 1964ರಲ್ಲಿ ಅಲ್ಲೇ ಜಪಾನಿ ಯುದ್ಧ ಸ್ಮಶಾನ ತೆರೆಯಿತು. ಆಸ್ಟ್ರೇಲಿಯಾದ ಬೇರೆ ಕಡೆ ಹೂತಿದ್ದವರನ್ನೂ ಅಲ್ಲಿಗೇ ತಂದರು.

1970ರಲ್ಲಿ ಕೌರಾ ಹೈಸ್ಕೂಲ್ ಮತ್ತು ಟೋಕಿಯೋ ಪಕ್ಕದ ಮುಸಾಶಿನೋದ ಸೇಕೇ ಹೈಸ್ಕೂಲ್ ನಡುವೆ ವಿದ್ಯಾರ್ಥಿ ವಿನಿಮಯ ಶುರುವಾಯಿತು. ಇಲ್ಲಿನವರು ಅಲ್ಲಿ, ಅಲ್ಲಿನವರು ಇಲ್ಲಿ ತಿಂಗಳುಗಟ್ಟಲೆ ಇದ್ದು ಓದುವ ಏರ್ಪಾಡು ಇದು. ಶಾಲಾ ವರ್ಷ ಮಾತ್ರ ಸರಿಹೊಂದುವುದಿಲ್ಲ. ಜಪಾನಿನದು ಏಪ್ರಿಲ್‌ಗೆ ಆರಂಭವಾದರೆ ಆಸ್ಟ್ರೇಲಿಯಾದ್ದು ಜನವರಿ ಕೊನೆಗೆ. ಎಲ್ಲಿಗೆ ಹೋದರೂ ನಡುವೆಯೇ ಸೇರಿಕೊಳ್ಳಬೇಕು.

ಇದಕ್ಕೂ ಮೊದಲೇ, 1963ರಲ್ಲಿ, ಆಸ್ಟ್ರೇಲಿಯಾದ ಲಿಸ್ಮೋರ್ ಮತ್ತು ಜಪಾನಿನ ಯಾಮಾತೊತಕಾದಾ ಸಿಸ್ಟರ್ ಸಿಟಿಗಳಾಗಿದ್ದವು. ಎರಡು ದೇಶಗಳ ನಡುವಿನ ಇಂಥ ಮೊದಲ ನಂಟು ಅದು. ಪಾಲ್ ಗ್ಲಿನ್ ಎಂಬ ಪಾದ್ರಿಯ ಪ್ರಯತ್ನ ಅದರ ಹಿಂದಿತ್ತು. ಎರಡೂ ಸರ್ಕಾರಗಳು ಸ್ನೇಹ ಮತ್ತು ಸಹಕಾರದ ಮೂಲ ಒಪ್ಪಂದಕ್ಕೆ ಸಹಿ ಹಾಕಿದ್ದು 1976ರಲ್ಲಿ. ವ್ಯಾಪಾರದ ಒಪ್ಪಂದ 1957ರಲ್ಲೇ ಆಗಿತ್ತು, ನಿಜ. ಆದರೆ ಸ್ನೇಹ ಅನ್ನುವ ಮಾತು ಕಾಗದಕ್ಕೆ ಬರುವಷ್ಟರಲ್ಲಿ ಕೌರಾದ ಮಕ್ಕಳು ಆಗಲೇ ಆರು ವರ್ಷದಿಂದ ಓಡಾಡುತ್ತಿದ್ದರು.

ನೋವು ಒಂದೇ ಕಡೆಯದಲ್ಲ. ಜಪಾನಿನ ನಾವೊಎತ್ಸು ಶಿಬಿರದಲ್ಲಿ 300 ಆಸ್ಟ್ರೇಲಿಯನ್ ಕೈದಿಗಳ ಪೈಕಿ 60 ಮಂದಿ ಸತ್ತರು. ಯುದ್ಧದ ನಂತರ ಅಲ್ಲಿನ ಎಂಟು ಕಾವಲುಗಾರರನ್ನು ಗಲ್ಲಿಗೇರಿಸಲಾಯಿತು. 1995ರಲ್ಲಿ ಊರಿನವರು ಅಲ್ಲೊಂದು ಶಾಂತಿ ಉದ್ಯಾನ ಕಟ್ಟಿ ಎರಡೂ ಕಡೆಯ ಸತ್ತವರನ್ನು ಒಟ್ಟಿಗೇ ನೆನೆದರು.

ಕೌರಾದಲ್ಲಿ ಅಂದು ಕಹಳೆ ಊದಿದವನು ಹಾಜಿಮೆ ತೊಯೋಶಿಮಾ. 1942ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಮೇಲೆ ಜಪಾನ್ ನಡೆಸಿದ ವಿಮಾನ ದಾಳಿಯ ನಂತರ ಸೆರೆಯಾದ ಇಪ್ಪತ್ತರ ಹರೆಯದ ಪೈಲಟ್. ಮನೆಯವರಿಗೆ ಅವಮಾನವಾಗಬಾರದೆಂದು ತದಾವೊ ಮಿನಾಮಿ ಎಂದು ಸುಳ್ಳು ಹೆಸರು ಹೇಳಿದ್ದ. ಜಪಾನಿನಿಂದ ಬಂದ ವಿದ್ಯಾರ್ಥಿಗಳು ಈಗ ಆ ಸ್ಮಶಾನಕ್ಕೆ ಹೋದರೆ, ಅವನ ಸಮಾಧಿಯ ಮೇಲೆ ಕಾಣುವುದು ಮಿನಾಮಿ ಎಂಬ ಹೆಸರೇ.